ಓದುಗರ ಪ್ರಶ್ನೆ, ಬಲ್ಲವರ ಉತ್ತರ: ತಾವೇ ದಾರಿ ಹುಡುಕುವ ಜಾಲ, ಬೇಗ ಖಾಲಿಯಾಗುವ ಬ್ಯಾಟರಿ

ತಂತಿ ಎಳೆಯದೆ, ಯಾರೂ ದಾರಿ ಬರೆದುಕೊಡದೆ, ನೋಡ್‌ಗಳು (ರೇಡಿಯೊ ಇರುವ ಚಿಕ್ಕ ಸಾಧನಗಳು) ತಮ್ಮ ನೆರೆಯವರನ್ನು ತಾವೇ ಗುರುತಿಸಿಕೊಂಡು ಸಂದೇಶವನ್ನು ಕೈಯಿಂದ ಕೈಗೆ ದಾಟಿಸುವ ಜಾಲಕ್ಕೆ ಮೆಶ್ ಎನ್ನುತ್ತೇವೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ತೋಟ, ಹೊಲ, ಅಂಗಡಿಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೇಳುತ್ತವೆ: ಜಾಲ ಕೆಲಸ ಮಾಡುತ್ತದೆ, ಬ್ಯಾಟರಿ ಮಾತ್ರ ನಿಲ್ಲುವುದಿಲ್ಲ.

ಎಂಟು ಎಕರೆ ಅಡಿಕೆ ತೋಟದಲ್ಲಿ 14 ಕಡೆ ಮಣ್ಣಿನ ತೇವಾಂಶದ ಸೆನ್ಸರ್ ಇಟ್ಟಿದ್ದೇವೆ. ಇಎಸ್‌ಪಿ32 ಬೋರ್ಡ್, ಎಸ್‌ಎಕ್ಸ್1276 ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ತಲುಪುವ) ರೇಡಿಯೊ, 2600 ಎಂಎಎಚ್‌ನ ಒಂದು 18650 ಸೆಲ್. 15 ನಿಮಿಷಕ್ಕೊಮ್ಮೆ ಎದ್ದು ಅಳತೆ ಕಳಿಸಿ ಮಲಗುವಂತೆ ಪ್ರೋಗ್ರಾಂ ಬರೆದಿದ್ದೇವೆ. ಆದರೂ ಹತ್ತೇ ದಿನಕ್ಕೆ ಸೆಲ್ ಖಾಲಿ. ಪ್ರಸಾರದ ಪವರ್ ಕಡಿಮೆ ಮಾಡಿ ನೋಡಿದರೂ ಅಷ್ಟೇ.
— ಅಡಿಕೆ ಬೆಳೆಗಾರರು, ಹೊಳಲ್ಕೆರೆ ತಾಲ್ಲೂಕು

ನಿಮ್ಮ ಪತ್ರದಲ್ಲೇ ಉತ್ತರದ ಅರ್ಧ ಇದೆ. 2600 ಎಂಎಎಚ್ ಹತ್ತು ದಿನಕ್ಕೆ, ಅಂದರೆ 240 ಗಂಟೆಗೆ ಮುಗಿದರೆ ಸರಾಸರಿ ಸುಮಾರು 11 ಮಿಲಿಆಂಪ್ ಹರಿಯುತ್ತಿದೆ. ಬೋರ್ಡನ್ನು ನಡೆಸುವ ಇಎಸ್‌ಪಿ32 ಚಿಪ್ ಗಾಢ ನಿದ್ರೆಯಲ್ಲಿ ತೆಗೆದುಕೊಳ್ಳುವುದು ಸುಮಾರು 10 ಮೈಕ್ರೋಆಂಪ್, ಅದರ ಸಾವಿರದಲ್ಲೊಂದು ಭಾಗ. ಚಿಪ್ ಮಲಗಿದೆ, ಬೋರ್ಡ್ ಮಲಗಿಲ್ಲ.

ಮೊದಲು ರೇಡಿಯೊ ನೋಡಿ. ಚಿಪ್ ಅನ್ನು ಮಲಗಿಸಿದ ಮಾತ್ರಕ್ಕೆ ರೇಡಿಯೊ ಮಲಗುವುದಿಲ್ಲ, ಅದಕ್ಕೆ ಬೇರೆಯೇ ಆದೇಶ ಕೊಡಬೇಕು. ಎಸ್‌ಎಕ್ಸ್1276 ಕೇಳುವ ಸ್ಥಿತಿಯಲ್ಲೇ ಉಳಿದುಬಿಟ್ಟರೆ ಅದೊಂದೇ 11 ಮಿಲಿಆಂಪ್ ಎಳೆಯುತ್ತದೆ, ಸ್ಟ್ಯಾಂಡ್‌ಬೈನಲ್ಲಿದ್ದರೆ 1.6. ನಿಜವಾಗಿ ಮಲಗಿದಾಗ ಒಂದು ಮೈಕ್ರೋಆಂಪ್ ಕೂಡ ಇಲ್ಲ. ಅದು ಸರಿಯಿದ್ದರೆ ಮುಂದಿನ ಅನುಮಾನ ಮೂರರ ಮೇಲೆ. ಬೋರ್ಡಿಗೆ ಹೋಗುವ ವೋಲ್ಟೇಜನ್ನು ಸ್ಥಿರವಾಗಿಡುವ ಎಎಂಎಸ್1117 ರೆಗ್ಯುಲೇಟರ್ ಸುಮ್ಮನಿದ್ದಾಗಲೂ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. ಸದಾ ಉರಿಯುವ ಕೆಂಪು ಎಲ್‌ಇಡಿಗೆ ಒಂದೆರಡು ಮಿಲಿಆಂಪ್. ಕೆಪಾಸಿಟಿವ್ ತೇವಾಂಶ ಸೆನ್ಸರಿಗೆ ನೇರ ವಿದ್ಯುತ್ ಕೊಟ್ಟಿದ್ದರೆ ಅದಕ್ಕೂ ಸುಮಾರು 5. ಕೂಡಿ ನೋಡಿ, ನಿಮ್ಮ 11 ಸಿಕ್ಕಿತು.

ಎಲ್‌ಇಡಿಯನ್ನು ಕಿತ್ತುಹಾಕಿ. ರೆಗ್ಯುಲೇಟರ್ ಬದಲು ಎಚ್‌ಟಿ7333 ಅಥವಾ ಎಂಸಿಪಿ1700 ಹಾಕಿ, ಇವು ಸುಮ್ಮನಿರುವಾಗ ಕೆಲವೇ ಮೈಕ್ರೋಆಂಪ್ ಬಳಸುತ್ತವೆ. ಆದರೆ ಇವೆರಡರ ಮಿತಿ 250 ಮಿಲಿಆಂಪ್ ಎಂಬುದು ನೆನಪಿರಲಿ. ವೈಫೈ ಆನ್ ಆದರೆ ಕ್ಷಣಮಾತ್ರ ಅದಕ್ಕಿಂತ ಹೆಚ್ಚು ಎಳೆದು ಬೋರ್ಡ್ ರೀಸೆಟ್ ಆಗುತ್ತದೆ. ಆದ್ದರಿಂದ ವೈಫೈ, ಬ್ಲೂಟೂತ್ ಎರಡನ್ನೂ ಪ್ರೋಗ್ರಾಂನಲ್ಲೇ ಮುಚ್ಚಿ, ರೆಗ್ಯುಲೇಟರಿನ ಔಟ್‌ಪುಟ್ ಕಾಲಿಗೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ. ಸೆನ್ಸರಿಗೆ ಒಂದು ಮಾಸ್‌ಫೆಟ್ (ಚಿಪ್ಪೇ ಆನ್-ಆಫ್ ಮಾಡಬಲ್ಲ ವಿದ್ಯುತ್ ಕೀಲಿ) ಮೂಲಕ, ಅಳತೆಯ ಹೊತ್ತಿಗೆ ಮಾತ್ರ ವಿದ್ಯುತ್ ಹೋಗಲಿ. ಕೊಟ್ಟ ತಕ್ಷಣ ಓದಬೇಡಿ, ಓದು ಸ್ಥಿರವಾಗಲು ಕಾಲು ಸೆಕೆಂಡಾದರೂ ಬಿಡಿ.

ಈಗ ಹೊಸ ಲೆಕ್ಕ. ಒಮ್ಮೆ ಎದ್ದರೆ 2 ಸೆಕೆಂಡ್, 40 ಮಿಲಿಆಂಪ್: 80 ಮಿಲಿಆಂಪ್-ಸೆಕೆಂಡ್. 20 ಬೈಟ್ ಸಂದೇಶ, ಸ್ಪ್ರೆಡಿಂಗ್ ಫ್ಯಾಕ್ಟರ್ (ಇದು ಹೆಚ್ಚಿದಷ್ಟೂ ಸಂದೇಶ ದೂರ ತಲುಪುತ್ತದೆ, ಆದರೆ ನಿಧಾನ) 9, 125 ಕಿಲೋಹರ್ಟ್ಸ್ ಆದರೆ ಗಾಳಿಯಲ್ಲಿ ಇರುವುದು 185 ಮಿಲಿಸೆಕೆಂಡ್. 120 ಮಿಲಿಆಂಪ್‌ನಂತೆ ಅದಕ್ಕೆ 22. ದಿನಕ್ಕೆ 96 ಸಲ ಎದ್ದರೂ ಒಟ್ಟು 2.7 ಎಂಎಎಚ್. ನಿದ್ರೆಗೆ ಧಾರಾಳವಾಗಿ 50 ಮೈಕ್ರೋಆಂಪ್ ಹಿಡಿದರೆ ಇನ್ನೊಂದು 1.2. ದಿನಕ್ಕೆ ನಾಲ್ಕು ಎಂಎಎಚ್ ಆಯಿತು. ಕಾಗದದ ಮೇಲೆ 650 ದಿನ. ಸೆಲ್ ತಾನೇ ಸೋರುವುದು, ಬೇಸಿಗೆಯ ಕಾವು ಎಲ್ಲಾ ಕಳೆದು ಒಂದು ವರ್ಷ ಎಂದು ನಂಬಿ. ಪ್ರಸಾರದ ಪಾಲು ಇದರಲ್ಲಿ ಎಷ್ಟು ಚಿಕ್ಕದು ಗಮನಿಸಿ. ನೀವು ಪವರ್ ಇಳಿಸಿದರೂ ಪ್ರಯೋಜನ ಕಾಣದಿದ್ದುದು ಅದಕ್ಕೇ.

ಅಳೆಯುವಾಗ ಒಂದು ಎಚ್ಚರ. ಮಲ್ಟಿಮೀಟರನ್ನು ಮೈಕ್ರೋಆಂಪ್ ರೇಂಜಿನಲ್ಲಿ ಸೆಲ್ಲಿನ ಸಾಲಿಗೆ ಹಾಕಿದರೆ, ಬೋರ್ಡ್ ಏಳುವಾಗ ಮೀಟರಿನೊಳಗೇ ವೋಲ್ಟೇಜ್ ಬಿದ್ದು ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಮೀಟರಿನ ಎರಡು ಕಡ್ಡಿಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿಟ್ಟು, ಬೋರ್ಡ್ ಮಲಗಿದ ಮೇಲೆ ಆ ತಂತಿ ತೆಗೆದು ಓದಿ, ಅದು ಏಳುವ ಮೊದಲು ಮತ್ತೆ ಜೋಡಿಸಿ.

ಎಲ್ಲಾ ನೋಡ್‌ಗಳೂ ಮಲಗಿಬಿಟ್ಟರೆ ದೂರದ ನೋಡಿನ ಸಂದೇಶವನ್ನು ಮುಂದಕ್ಕೆ ದಾಟಿಸುವವರು ಯಾರು? ಮಲಗಿಸದೆ ಇದ್ದರೆ ಬ್ಯಾಟರಿ ಉಳಿಯದು. ಎರಡೂ ಆಗುವುದು ಹೇಗೆ?
— ಪಾಲಿಟೆಕ್ನಿಕ್ ಉಪನ್ಯಾಸಕರು, ಚನ್ನಗಿರಿ

ಇಡೀ ವಿಷಯದ ಗಂಟು ಇರುವುದು ಇಲ್ಲೇ. ರೇಡಿಯೊಗೆ ಮಾತಾಡುವುದು ದುಬಾರಿಯಲ್ಲ, ಯಾರಾದರೂ ಮಾತಾಡಿಯಾರು ಎಂದು ಕಿವಿಗೊಟ್ಟು ಕೂರುವುದು ದುಬಾರಿ. ಮೇಲಿನ ಲೆಕ್ಕದ ನೋಡ್ ದಿನವಿಡೀ ಮಾತಾಡುವುದು ಒಟ್ಟು 18 ಸೆಕೆಂಡ್. ಅದೇ ನೋಡ್ ದಿನವಿಡೀ ಕೇಳುತ್ತ ಕೂತರೆ ರೇಡಿಯೊ ಒಂದಕ್ಕೇ 260 ಎಂಎಎಚ್‌ಗೂ ಮೇಲೆ ಬೇಕು. ಇದಕ್ಕೆ ಮೂರು ದಾರಿಗಳಿವೆ.

ತೋಟಕ್ಕೆ ನಾವು ಮೊದಲು ಹೇಳುವುದು ಎಲ್ಲರಿಗೂ ಸಮಾನ ಕೆಲಸ ಕೊಡಬೇಡಿ ಎಂದು. ಹತ್ತು ನೋಡ್ ಮಲಗಲಿ, ಎರಡು ಮಾತ್ರ ಸದಾ ಎಚ್ಚರವಿದ್ದು ಉಳಿದವರ ಸಂದೇಶ ದಾಟಿಸಲಿ. ಎಚ್ಚರವಿರುವ ನೋಡಿಗೆ ಇಎಸ್‌ಪಿ32 ಬೇಡ. ಎನ್‌ಆರ್‌ಎಫ್52840 ಚಿಪ್ ಮತ್ತು ಎಸ್‌ಎಕ್ಸ್1262 ರೇಡಿಯೊ ಜೋಡಿ ಸಾಕು. ಎಸ್‌ಎಕ್ಸ್1262 ಕೇಳುವಾಗ 5 ಮಿಲಿಆಂಪ್ ಆಸುಪಾಸು ಬಳಸುತ್ತದೆ. ಇಡೀ ಬೋರ್ಡಿಗೆ 10 ಎಂದು ಹಿಡಿದರೆ ದಿನಕ್ಕೆ 240 ಎಂಎಎಚ್, ಅಂದರೆ ಸುಮಾರು 0.9 ವಾಟ್-ಅವರ್. 5 ವಾಟ್ ಸೋಲಾರ್ ಪ್ಯಾನೆಲ್, 3000 ಎಂಎಎಚ್ ಸೆಲ್ ಇದ್ದರೆ ಮುಂಗಾರಿನಲ್ಲಿ ವಾರಗಟ್ಟಲೆ ಮೋಡ ಕವಿದರೂ ತಡೆಯುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿರಲಿ, ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ. ಅಡಿಕೆ ಮರದ ನೆರಳಿನಲ್ಲಿ ಪ್ಯಾನೆಲ್ ಇಟ್ಟರೆ ಇಟ್ಟೂ ಇಡದಂತೆ. ತೋಟದ ಅಂಚಿನ ಬದುವಿಗೋ ಪಂಪ್‌ಸೆಟ್ ಮನೆಯ ಛಾವಣಿಗೋ ಒಯ್ಯಿರಿ. ಪಂಪ್‌ಸೆಟ್ ಮನೆಯಲ್ಲಿ ಕರೆಂಟ್ ಇದೆಯಲ್ಲ ಎಂದು ಅದನ್ನೇ ನಂಬಬೇಡಿ. ತ್ರೀಫೇಸ್ ಬರುವ ಗಂಟೆಗಳು ಬದಲಾಗುತ್ತಿರುತ್ತವೆ, ನಡುವೆ ಸೆಲ್ ಇರಲೇಬೇಕು.

ಎರಡನೆಯ ದಾರಿ, ಎಲ್ಲರೂ ಒಂದೇ ಹೊತ್ತಿಗೆ ಏಳುವುದು. ಇಲ್ಲಿ ಕೈಕೊಡುವುದು ಗಡಿಯಾರ. ಇಎಸ್‌ಪಿ32ರ ಒಳಗಿನ ಆರ್‌ಸಿ ಗಡಿಯಾರ ಬಿಸಿಲಿಗೆ ನೂರಕ್ಕೆ ಐದು ಭಾಗದವರೆಗೂ ತಪ್ಪಬಹುದು. ಗಂಟೆಗೆ ಮೂರು ನಿಮಿಷ ಆಯಿತು. ಒಬ್ಬ ಎದ್ದು ಮಾತಾಡಿ ಮಲಗಿದ ಮೇಲೆ ಇನ್ನೊಬ್ಬ ಏಳುತ್ತಾನೆ. ಡಿಎಸ್3231 ಗಡಿಯಾರ ಚಿಪ್ ಸೇರಿಸಿ. ಉಷ್ಣತೆಗೆ ತಕ್ಕಂತೆ ತನ್ನನ್ನೇ ತಿದ್ದಿಕೊಳ್ಳುವ ಅದರ ತಪ್ಪು ಹತ್ತು ಲಕ್ಷಕ್ಕೆ ಎರಡು, 40 ಡಿಗ್ರಿ ದಾಟಿದರೆ ಮೂರೂವರೆ. ದಿನಕ್ಕೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ಎಂದುಕೊಳ್ಳಿ. ಎರಡು ನೋಡ್ ಎದುರುಬದುರು ದಿಕ್ಕಿಗೆ ತಪ್ಪಿದರೂ ಒಂದು ಸೆಕೆಂಡ್ ಮೊದಲೇ ಎದ್ದರೆ ಸಾಕು. ಪ್ರತಿ ಸಂದೇಶದ ಜೊತೆ ಗೇಟ್‌ವೇ (ಎಲ್ಲರ ಸಂದೇಶ ಕೊನೆಗೆ ಸೇರುವ ನೋಡ್) ಸಮಯವನ್ನೂ ಹಂಚಲಿ.

ಮೂರನೆಯದರಲ್ಲಿ ನೋಡ್ ಸೆಕೆಂಡಿಗೊಮ್ಮೆ ಕೆಲವು ಮಿಲಿಸೆಕೆಂಡ್ ಮಾತ್ರ ಕಣ್ಣುಬಿಟ್ಟು ಗಾಳಿಯಲ್ಲಿ ಸದ್ದಿದೆಯೇ ನೋಡುತ್ತದೆ. ಕಳಿಸುವವರು ಸಂದೇಶದ ಮುಂಚೆ ಒಂದು ಸೆಕೆಂಡಿಗಿಂತ ಉದ್ದದ ಪೀಠಿಕೆ ಹಾಕುತ್ತಾರೆ, ಯಾವಾಗ ಕಣ್ಣುಬಿಟ್ಟರೂ ಅದು ಸಿಗುತ್ತದೆ. 2004ರ ಬಿ-ಮ್ಯಾಕ್ ಎಂಬ ಪ್ರೋಟೊಕಾಲ್ ಇದೇ ತತ್ವದ್ದು. ಲೋರಾದಲ್ಲಿ ಇದಕ್ಕೆ ಸಿಎಡಿ (ಚಾನೆಲ್ ಆಕ್ಟಿವಿಟಿ ಡಿಟೆಕ್ಷನ್) ಎಂಬ ಸೌಲಭ್ಯ ಚಿಪ್ಪಿನೊಳಗೇ ಇದೆ. ಕೇಳುವವರ ಹೊರೆಯನ್ನು ಹೇಳುವವರ ಹೆಗಲಿಗೆ ದಾಟಿಸುವ ಉಪಾಯ ಇದು, ಸಂದೇಶ ಅಪರೂಪವಾಗಿದ್ದರೆ ಲಾಭ. ಇಎಸ್‌ಪಿ32 ಗಾಢ ನಿದ್ರೆಯಿಂದ ಎದ್ದು ಬೂಟ್ ಆಗುವಷ್ಟರಲ್ಲೇ ಉಳಿಸಿದ್ದೆಲ್ಲ ಖರ್ಚಾಗುವುದರಿಂದ ಅದಕ್ಕೆ ಇದು ಹೊಂದುವುದಿಲ್ಲ.

ಮೆಕ್ಕೆಜೋಳದ ಹೊಲದಲ್ಲಿ ಜೂನ್‌ನಲ್ಲಿ ಜಾಲ ಚೆನ್ನಾಗಿ ನಡೆಯಿತು. ಆಗಸ್ಟ್‌ನಲ್ಲಿ ಅರ್ಧ ನೋಡ್‌ಗಳು ಕಾಣೆ. ಬ್ಯಾಟರಿಗಳೂ ಬೇಗ ಇಳಿದಿವೆ. ಮಳೆಗೆ ಕೆಟ್ಟಿರಬಹುದೇ?
— ರೈತರು, ದಾವಣಗೆರೆ ತಾಲ್ಲೂಕು

ಕೆಟ್ಟಿಲ್ಲ, ಜೋಳ ಬೆಳೆದಿದೆ. ಬಿತ್ತನೆ ಹೊತ್ತಿನಲ್ಲಿ ಒಂದು ಮೀಟರ್ ಗೂಟದ ಮೇಲಿದ್ದ ಆಂಟೆನಾ ಈಗ ಎರಡು ಮೀಟರಿಗೂ ಎತ್ತರದ ಒದ್ದೆ ಎಲೆಗಳ ನಡುವೆ ಮುಳುಗಿದೆ. ನೀರು ತುಂಬಿದ ಎಲೆ ರೇಡಿಯೊ ಅಲೆಯನ್ನು ಹೀರುತ್ತದೆ. ಸಂದೇಶ ತಲುಪದಾಗ ನೋಡ್ ಸುಮ್ಮನಿರುವುದಿಲ್ಲ: ಮತ್ತೆ ಕಳಿಸುತ್ತದೆ, ಉತ್ತರಕ್ಕಾಗಿ ಕಾಯುತ್ತದೆ, ಕೊನೆಗೆ ಹೊಸ ದಾರಿ ಹುಡುಕಲು ಸುತ್ತಲಿನವರನ್ನೆಲ್ಲ ಎಬ್ಬಿಸುತ್ತದೆ. ಬ್ಯಾಟರಿ ಹೋದದ್ದು ಈ ಹುಡುಕಾಟದಲ್ಲಿ. ಕಡಿದ ಒಂದು ಕೊಂಡಿ ಅಕ್ಕಪಕ್ಕದ ಐದಾರು ನೋಡ್‌ಗಳ ಸೆಲ್ ತಿನ್ನುತ್ತದೆ.

ಗೂಟವನ್ನು ಮೂರೂವರೆ ಮೀಟರಿಗೆ ಏರಿಸಿ. ಎರಡು ಆಂಟೆನಾ ಒಂದಕ್ಕೊಂದು ಕಂಡರೆ ಸಾಲದು, ನಡುವಿನ ಗೆರೆಯ ಸುತ್ತ ಜಾಗವೂ ಬೇಕು. 866 ಮೆಗಾಹರ್ಟ್ಸ್‌ಗೆ 200 ಮೀಟರ್ ದೂರದಲ್ಲಿ ಆ ಜಾಗ ನಟ್ಟನಡುವೆ 4.2 ಮೀಟರ್ ತ್ರಿಜ್ಯ, 500 ಮೀಟರ್ ಆದರೆ 6.6. ಪೂರ್ತಿ ಸಿಗದು, ಆದರೆ ತೆನೆಯ ಮೇಲೆ ಬಂದ ಪ್ರತಿ ಅಡಿಯೂ ಲೆಕ್ಕಕ್ಕೆ ಬರುತ್ತದೆ. ಪೆಟ್ಟಿಗೆ ಕೆಳಗಿಟ್ಟು ತೆಳು ಕೇಬಲ್‌ನಿಂದ ಆಂಟೆನಾ ಮೇಲೆ ಒಯ್ಯಬೇಡಿ. ಆರ್‌ಜಿ174 ಕೇಬಲ್ ಮೀಟರಿಗೆ ಸುಮಾರು ಒಂದು ಡೆಸಿಬೆಲ್ ನುಂಗುತ್ತದೆ. ಪೆಟ್ಟಿಗೆಯನ್ನೇ ಮೇಲೆ ಕಟ್ಟಿ, ತಂತಿ ಒಳಹೋಗುವ ತೂತು ಕೆಳಮುಖವಾಗಿರಲಿ, ಇಲ್ಲದಿದ್ದರೆ ನೀರಿಗಿಂತ ಮೊದಲು ಇರುವೆ ಸೇರುತ್ತದೆ.

ಮುಂದಿನ ಸಲ ಬಿತ್ತನೆಯಾದಾಗಲೇ ಸಂಕೇತದ ಗುಣ ಬರೆದಿಟ್ಟುಕೊಳ್ಳಿ. ಸ್ಪ್ರೆಡಿಂಗ್ ಫ್ಯಾಕ್ಟರ್ 9ಕ್ಕೆ ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದರೆ ಸಂಕೇತದ ಬಲ) −12.5 ಡೆಸಿಬೆಲ್‌ವರೆಗೆ ಕೇಳಿಸುತ್ತದೆ. ಬರಿಹೊಲದಲ್ಲೇ −9 ತೋರಿಸುತ್ತಿದ್ದರೆ ಬೆಳೆ ಬಂದ ಮೇಲೆ ಆ ಕೊಂಡಿ ಉಳಿಯುವುದಿಲ್ಲ, ಕನಿಷ್ಠ 10 ಡೆಸಿಬೆಲ್ ಮಿಗುವಿರಬೇಕು. ಫ್ಯಾಕ್ಟರ್ ಅನ್ನು 12ಕ್ಕೆ ಏರಿಸಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ನಾವು ಒಪ್ಪುವುದಿಲ್ಲ. ಫ್ಯಾಕ್ಟರ್ 7ರಲ್ಲಿ 57 ಮಿಲಿಸೆಕೆಂಡಿಗೆ ಮುಗಿಯುವ ಅದೇ 20 ಬೈಟ್‌ಗೆ 12ರಲ್ಲಿ 1.32 ಸೆಕೆಂಡ್ ಬೇಕು. ಶಕ್ತಿ 23 ಪಟ್ಟು, ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುವ ಸಂಭವವೂ ಅಷ್ಟೇ ಹೆಚ್ಚು. ನಡುವೆ ಒಂದು ನೋಡ್ ಸೇರಿಸುವುದು ಅಗ್ಗ. ಮರುಪ್ರಯತ್ನ ಮೂರಕ್ಕೆ ನಿಲ್ಲಲಿ, ಆಮೇಲೆ ಅಳತೆಯನ್ನು ಮೆಮೊರಿಯಲ್ಲಿಟ್ಟು ಮುಂದಿನ ಸರದಿಗೆ ಸೇರಿಸಿ ಕಳಿಸಿ.

ಮೂರು ಅಂತಸ್ತಿನ ಅಂಗಡಿ. ವೈಫೈ ಮೆಶ್ ಪೆಟ್ಟಿಗೆ ನಾಲ್ಕು ಇವೆ. ಕರೆಂಟ್ ಬಿಲ್ಲಿಗೆ ಇವುಗಳ ಪಾಲೆಷ್ಟು? ಮೇಲಂತಸ್ತಿನಲ್ಲಿ ಬಿಲ್ಲಿಂಗ್ ನಿಧಾನ.
— ವ್ಯಾಪಾರಿಗಳು, ಮಂಡಿಪೇಟೆ, ದಾವಣಗೆರೆ

ಅಡಾಪ್ಟರ್ ಸೇರಿ ತಲಾ 9 ವಾಟ್ ಎಂದರೂ ನಾಲ್ಕಕ್ಕೆ 36 ವಾಟ್, ತಿಂಗಳಿಗೆ ಸುಮಾರು 26 ಯೂನಿಟ್. ರಾತ್ರಿ ಎಂಟು ಗಂಟೆ ಟೈಮರ್‌ನಿಂದ ಆರಿಸಿದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಕ್ಯಾಮೆರಾ ಇರುವ ಪೆಟ್ಟಿಗೆ ಬಿಟ್ಟು. ನಿಧಾನಕ್ಕೆ ಕಾರಣ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಒಂದೇ ಚಾನೆಲ್‌ನಲ್ಲಿ ದಾಟುವಾಗ ಪ್ರತಿ ದಾಟಿಗೂ ವೇಗ ಸುಮಾರು ಅರ್ಧವಾಗುವುದು. ಮೆಟ್ಟಿಲ ಸಂದಿಯಲ್ಲಿ ಕ್ಯಾಟ್6 ಕೇಬಲ್ ಎಳೆದು ಅಂತಸ್ತಿಗೊಂದು ಪೆಟ್ಟಿಗೆ ಜೋಡಿಸಿ. ಆಗ ನಾಲ್ಕನೆಯದು ಬಹುಶಃ ಬೇಡವಾಗುತ್ತದೆ. ಕೇಬಲ್ ಎಳೆದಮೇಲೆ ಒಂದೇ ಸ್ವಿಚ್ಚಿಗೆ (ಜಾಲದ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆಗೆ) ಎರಡು ದಾರಿಯಿಂದ ಬಂದು ಸುತ್ತು ಬಿದ್ದರೆ ಇಡೀ ಜಾಲ ಸ್ತಬ್ಧವಾಗುತ್ತದೆ. ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಇದನ್ನು ತಾನೇ ಕಂಡುಹಿಡಿದು ಒಂದು ದಾರಿ ಮುಚ್ಚುತ್ತದೆ. ಅಗ್ಗದ ಸ್ವಿಚ್‌ಗಳಲ್ಲಿ ಅದು ಇರುವುದಿಲ್ಲ, ಕೊಳ್ಳುವಾಗ ಕೇಳಿ. ವಿದ್ಯುತ್ ಉಳಿಸುವ 2010ರ 802.3ಎಝೆಡ್ ಮಾನದಂಡ ಇರುವ ಸ್ವಿಚ್ ಆದರೆ ಸಂಚಾರ ಇಲ್ಲದ ಪೋರ್ಟ್‌ಗಳು ತಾವೇ ಮಂಪರಿಗೆ ಜಾರುತ್ತವೆ.

ನಮ್ಮ ಕಡೆ ಗುಡ್ಡಗಳ ನಡುವೆ ಮೊಬೈಲ್ ಸಿಗ್ನಲ್ ಇಲ್ಲ. ಮೆಶ್‌ಟ್ಯಾಸ್ಟಿಕ್ ಹಾಕಿಕೊಂಡು ಊರವರು ಸಂದೇಶ ಕಳಿಸಿಕೊಳ್ಳಬಹುದೇ? ಲೈಸೆನ್ಸ್ ಬೇಕೇ?
— ಯುವಕರು, ಹೊಸದುರ್ಗ ತಾಲ್ಲೂಕು

ಮೆಶ್‌ಟ್ಯಾಸ್ಟಿಕ್ ಎಂದರೆ ಲೋರಾ ಬೋರ್ಡ್‌ಗಳನ್ನು ಮೆಶ್ ಆಗಿ ಜೋಡಿಸುವ ಉಚಿತ ತಂತ್ರಾಂಶ. ಅಕ್ಷರದ ಸಂದೇಶ ಕಳಿಸಬಹುದು, ಮಾತು ಹೋಗದು. 2005ರಿಂದಲೇ 865ರಿಂದ 867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ; ಪ್ರಸಾರ ಶಕ್ತಿ 1 ವಾಟ್ ಮೀರಬಾರದು, ಕ್ಯಾರಿಯರ್ ಅಗಲ 200 ಕಿಲೋಹರ್ಟ್ಸ್ ಒಳಗಿರಬೇಕು. ಆದ್ದರಿಂದ 125 ಕಿಲೋಹರ್ಟ್ಸ್ ಬಳಸುವ ಪ್ರೀಸೆಟ್ (ಸಿದ್ಧ ಹೊಂದಿಕೆ) ಆರಿಸಿ. ಬೋರ್ಡ್ ಕೊಳ್ಳುವಾಗ 868ರ ಮಾದರಿ ಕೇಳಿ, 433 ಅಥವಾ 915ರದ್ದು ಬೇಡ. ಆಂಟೆನಾ ಬಿಗಿಯದೆ ಎಂದೂ ಆನ್ ಮಾಡಬೇಡಿ, ಹೊರಹೋಗಲಾಗದ ಶಕ್ತಿ ಹಿಂದಿರುಗಿ ರೇಡಿಯೊ ಸುಡಬಹುದು.

ಇದರ ದಾಟಿಸುವ ರೀತಿ ಸೊಗಸಾಗಿದೆ. ಸಂದೇಶ ಕೇಳಿದ ನೋಡ್‌ಗಳೆಲ್ಲ ತಕ್ಷಣ ಕೂಗುವುದಿಲ್ಲ. ಕ್ಷೀಣವಾಗಿ ಕೇಳಿಸಿದವರು, ಅಂದರೆ ಬಹುತೇಕ ದೂರದಲ್ಲಿರುವವರು, ಮೊದಲು ದಾಟಿಸುತ್ತಾರೆ. ಅದನ್ನು ಕೇಳಿದ ಹತ್ತಿರದವರು ತಮ್ಮ ಸರದಿ ಕೈಬಿಡುತ್ತಾರೆ. ಆದರೆ ರೌಟರ್ ಎಂದು ಗುರುತಿಸಿಕೊಂಡ ನೋಡ್ ಹೀಗೆ ಬಿಟ್ಟುಕೊಡುವುದಿಲ್ಲ. ಊರಲ್ಲಿ ಎಲ್ಲರೂ ರೌಟರ್ ಆದರೆ ಗಾಳಿಯೂ ಬ್ಯಾಟರಿಯೂ ದಂಡ. ಗುಡ್ಡದ ನೆತ್ತಿಯ ಒಂದೇ ನೋಡ್ ರೌಟರ್ ಆಗಲಿ, ಅದಕ್ಕೆ ಜಾಗದ ಒಡೆಯರ ಅಥವಾ ಅರಣ್ಯ ಇಲಾಖೆಯ ಒಪ್ಪಿಗೆ ಇರಲಿ. ದಾಟುಗಳ ಮಿತಿ ಮೊದಲಿಗೆ 3 ಇರುತ್ತದೆ, 7ರವರೆಗೆ ಏರಿಸಬಹುದು. ಏರಿಸುವ ಮುನ್ನ ಆಂಟೆನಾ ಏರಿಸಿ ನೋಡಿ.

ಅಂತಿಮ ವರ್ಷದ ಪ್ರಾಜೆಕ್ಟಿಗೆ ಲೀಚ್ ಪ್ರೋಟೊಕಾಲ್ ತೆಗೆದುಕೊಂಡಿದ್ದೇವೆ. ಸಿಮ್ಯುಲೇಶನ್‌ನಲ್ಲಿ ಆಯಸ್ಸು ಹೆಚ್ಚುತ್ತದೆ. ನಿಜವಾದ ನೋಡ್‌ಗಳಲ್ಲಿ ವ್ಯತ್ಯಾಸವೇ ಕಾಣದು. ಗೇಟ್‌ವೇ ಪಕ್ಕದ ನೋಡ್ ಎಲ್ಲಕ್ಕಿಂತ ಮೊದಲು ಸಾಯುತ್ತದೆ.
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಚಿತ್ರದುರ್ಗ

ಕೊನೆಯ ಮಾತಿನಿಂದ ಶುರು ಮಾಡೋಣ. ಭದ್ರಾ ನಾಲೆಯಲ್ಲಿ ಕಷ್ಟ ಕೊನೆ ಭಾಗದ ರೈತರಿಗೆ. ಮೆಶ್‌ನಲ್ಲಿ ತಿರುಗುಮುರುಗು: ಎಲ್ಲರ ಸಂದೇಶವೂ ಗೇಟ್‌ವೇ ಕಡೆಗೇ ಹರಿಯುವುದರಿಂದ ತಲೆ ಭಾಗದ ನೋಡ್ ಎಲ್ಲರ ಹೊರೆ ಹೊತ್ತು ಮೊದಲು ಕುಸಿಯುತ್ತದೆ. ಅದು ಸತ್ತರೆ ಹಿಂದಿರುವವರು ಜೀವಂತವಿದ್ದೂ ಕಾಣೆಯಾಗುತ್ತಾರೆ. 2000ರಲ್ಲಿ ಎಂಐಟಿಯ ಹೈನ್‌ಜೆಲ್‌ಮನ್, ಚಂದ್ರಕಾಸನ್, ಬಾಲಕೃಷ್ಣನ್ ಲೀಚ್ ರೂಪಿಸಿದ್ದು ಹೊರೆಯನ್ನು ಸರದಿಯ ಮೇಲೆ ಹಂಚಲು. ಗುಂಪಿನ ಮುಖ್ಯಸ್ಥ ಸುತ್ತಿನಿಂದ ಸುತ್ತಿಗೆ ಬದಲಾಗುತ್ತಾನೆ, ಉಳಿದವರು ತಮ್ಮ ಪಾಳಿ ಬಂದಾಗಷ್ಟೇ ಏಳುತ್ತಾರೆ.

ಆದರೆ ಅದರ ಎರಡು ಊಹೆಗಳನ್ನು ನಿಮ್ಮ ಬೋರ್ಡ್‌ಗಳು ಒಪ್ಪುವುದಿಲ್ಲ. ಯಾವ ನೋಡ್ ಮುಖ್ಯಸ್ಥನಾದರೂ ಗೇಟ್‌ವೇಗೆ ನೇರ ತಲುಪಬಲ್ಲದು ಎಂಬುದು ಒಂದು. ಬಂಡೆಗಳ ನಡುವೆ ಇದು ಸುಳ್ಳು. ಹತ್ತಿರಕ್ಕೆ ಕಳಿಸಿದರೆ ಖರ್ಚು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬುದು ಇನ್ನೊಂದು. ಸಿಸಿ2420 ರೇಡಿಯೊದ ಅಂಕಿ ನೋಡಿ: 0 ಡಿಬಿಎಂ (ಒಂದು ಮಿಲಿವಾಟ್) ಪ್ರಸಾರಕ್ಕೆ 17.4 ಮಿಲಿಆಂಪ್, ಅದನ್ನು −25ಕ್ಕೆ, ಅಂದರೆ ಮುನ್ನೂರನೇ ಒಂದು ಭಾಗಕ್ಕೆ ಇಳಿಸಿದರೂ 8.5. ಕೇಳುವುದಕ್ಕೆ 18.8! ಕೂಗುವುದಕ್ಕಿಂತ ಕೇಳುವುದಕ್ಕೇ ಹೆಚ್ಚು. ನಿಮ್ಮ ಸಿಮ್ಯುಲೇಶನ್‌ನಲ್ಲಿ ಸುಮ್ಮನೆ ಕೇಳುತ್ತ ಕೂರುವ ಖರ್ಚನ್ನು ಶೂನ್ಯ ಎಂದು ಬಿಟ್ಟಿರುವಿರಿ, ಅದನ್ನು ಸೇರಿಸಿದ ಕ್ಷಣ ಎರಡು ಫಲಿತಾಂಶಗಳೂ ಹತ್ತಿರ ಬರುತ್ತವೆ.

ಪ್ರಾಜೆಕ್ಟಿಗೆ ಇಂಥ ಜಾಲಗಳಿಗೆ ದಾರಿ ಹುಡುಕಿಕೊಡುವ 2012ರ ಆರ್‌ಪಿಎಲ್ ಪ್ರೋಟೊಕಾಲ್, ಅಂದರೆ ಆರ್‌ಎಫ್‌ಸಿ (ಇಂಟರ್ನೆಟ್ ಮಾನದಂಡಗಳ ದಾಖಲೆ) 6550, ಅದರ ಜೊತೆ 2011ರ ಟ್ರಿಕಲ್ ಟೈಮರ್, ಆರ್‌ಎಫ್‌ಸಿ 6206, ಓದಿ. ಜಾಲದಲ್ಲಿ ಬದಲಾವಣೆ ಇಲ್ಲದಿದ್ದರೆ ದಾರಿಯ ಸುದ್ದಿ ಹೇಳುವ ಅಂತರ ಪ್ರತಿ ಸಲ ಎರಡು ಪಟ್ಟಾಗುತ್ತದೆ: 8 ಮಿಲಿಸೆಕೆಂಡಿನಿಂದ ಹೊರಟು 20 ಸಲ ಹಿಗ್ಗಿ 2.3 ಗಂಟೆಗೆ ನಿಲ್ಲುತ್ತದೆ. ನೆರೆಯವರು ಅದೇ ಸುದ್ದಿಯನ್ನು ಆಗಲೇ ಸಾಕಷ್ಟು ಸಲ ಹೇಳಿದ್ದರೆ ನೋಡ್ ಬಾಯಿ ಬಿಡುವುದೇ ಇಲ್ಲ. ಎಲ್ಲೋ ಒಂದು ಕೊಂಡಿ ಕಡಿದರೆ ಅಂತರ ಮತ್ತೆ 8 ಮಿಲಿಸೆಕೆಂಡಿಗೆ ಇಳಿದು ಜಾಲ ಕ್ಷಣದಲ್ಲಿ ಸರಿಹೋಗುತ್ತದೆ. ಆಂಟೆನಾ ಸಡಿಲವಿರುವ ಒಂದೇ ನೋಡ್ ಬಂದು ಹೋಗುತ್ತಿದ್ದರೆ ಟೈಮರ್ ಸದಾ ಕೆಳಗೇ ಉಳಿದು ಎಲ್ಲರ ಬ್ಯಾಟರಿ ಕರಗುತ್ತದೆ. ಸೆನ್ಸರ್ ನೋಡ್‌ಗಳ ಆಪರೇಟಿಂಗ್ ಸಿಸ್ಟಂ ಕಾಂಟಿಕಿ-ಎನ್‌ಜಿಯಲ್ಲಿ ಈ ಮರುಹೊಂದಿಕೆಗಳನ್ನು ಎಣಿಸಿ ಬರೆದಿಟ್ಟುಕೊಳ್ಳಿ, ಕೆಟ್ಟ ನೋಡ್ ಯಾವುದೆಂದು ಅದೇ ತೋರಿಸುತ್ತದೆ.

ಪಕ್ಕದ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ತಾಂತ್ರಿಕ ಸಂಸ್ಥೆ 2000ರ ದಶಕದಲ್ಲೇ ಕಾಮನ್‌ಸೆನ್ಸ್ ನೆಟ್ ಎಂಬ ಸೆನ್ಸರ್ ಜಾಲವನ್ನು ಮಳೆಯಾಶ್ರಿತ ಬೇಸಾಯದ ಹೊಲಗಳಿಗೆ ತಂದಿದ್ದವು. ನಮ್ಮಂಥದೇ ಒಣ ಸೀಮೆಯ ಕೆಲಸ, ಅದರ ಪ್ರಬಂಧಗಳನ್ನು ಹುಡುಕಿ ಓದಿ. ಗೇಟ್‌ವೇ ಪಕ್ಕದ ನೋಡ್ ವಿಷಯಕ್ಕೆ ಮಾತ್ರ ಪ್ರೋಟೊಕಾಲ್ ಬೇಕಿಲ್ಲ: ಅಲ್ಲಿ ಒಂದರ ಬದಲು ಮೂರು ನೋಡ್ ಇಟ್ಟು, ಅವಕ್ಕೆ ಉಳಿದವುಗಳ ಎರಡರಷ್ಟು ಸೆಲ್ ಮತ್ತು ಒಂದು ಪ್ಯಾನೆಲ್ ಕೊಡಿ. ಹತ್ತು ನೋಡ್‌ಗಳ ಅಳತೆಯನ್ನು ಹತ್ತು ಸಂದೇಶವಾಗಿ ದಾಟಿಸದೆ ಒಂದೇ ಕಟ್ಟಾಗಿ ಕಟ್ಟಿ ಕಳಿಸುವಂತೆ ಬರೆಯಿರಿ. ಪ್ರತಿ ಸಂದೇಶದಲ್ಲೂ ಬ್ಯಾಟರಿ ವೋಲ್ಟೇಜಿಗೆ ಎರಡು ಬೈಟ್ ಮೀಸಲಿಡಿ. 3.5 ವೋಲ್ಟ್‌ಗಿಂತ ಇಳಿದ ನೋಡ್ ದಾಟಿಸುವ ಕೆಲಸ ಬಿಟ್ಟು ತನ್ನ ಅಳತೆಯನ್ನಷ್ಟೇ ಕಳಿಸಲಿ.